ಸ್ವತಂತ್ರದವರು ನಮ್ಮೂರಲ್ಲಿದ್ದ ವರ್ಷ

ಹೋದ ತಿಂಗಳು ಬಳ್ಳಾರಿಯ ಪಾರ್ವತಿನಗರಕ್ಕೆ ಮಗಳ ಮನೆಗೆ ಹೋಗಿದ್ದೆ. ಅವತ್ತು ಶನಿವಾರ. ಹನುಮಪ್ಪನಿಗೆ ದೀಪ ಹಚ್ಚಿ ಏಳುವ ಹೊತ್ತಿಗೆ ಓಣಿಯಲ್ಲಿ ಇಬ್ಬರು ಚರಂಡಿ ಬಳಿದು ಬದಿಗೆಲ್ಲ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಿದ್ದರು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. "ಒಳಗ ಬಾರಮ್ಮ, ತಲಿ ನೋಯ್ತೈತಿ" ಅಂದಳು. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತೆ. ಅದು ನನ್ನ ನೆಗೆಣ್ಣಿ ತಿಪ್ಪಮ್ಮನ ವಾಸನೆ. ನನ್ನ ಸತ್ತುಹೋದ ಮೈದುನನ ಹೆಂಡತಿ ಅವಳು. ಹನ್ನೊಂದು ವರ್ಷ ನಮ್ಮೂರಿಗೆ ನಲ್ಲಿ ನೀರು ಬಿಟ್ಟವಳು. ಅವಳ ಸೆರಗು, ಅವಳ ಅಂಗೈ, ಅವಳು ಬಡಿದ ರೊಟ್ಟಿ, ಎಲ್ಲಕ್ಕೂ ಅದೇ ವಾಸನೆ ಇರುತ್ತಿತ್ತು. "ಏ, ಕೈ ತೊಳ್ಕೊಂಡು ಹಿಟ್ಟು ಮುಟ್ಟಲೇ" ಅಂತ ನಾನು ಬೈದರೆ, "ತೊಳ್ದೀನಕ್ಕ, ಇದು ಒಳಗ ಹೊಕ್ಕಂಡೈತಿ" ಅಂತ ನಗುತ್ತಿದ್ದಳು.

ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೊರಟರೆ ಕಾಲುವೆ ಪಕ್ಕ ನಮ್ಮೂರು. ಹೆಸರು ಬರೆಯುವುದಿಲ್ಲ. ಬರೆದರೆ ಊರವರಿಗೆ ಮುಖ ತೋರಿಸಬೇಕಾದವಳು ನಾನೇ. ನಮ್ಮದು ಹಿಟ್ಟಿನ ಗಿರಣಿ. ಯಜಮಾನರು ಗುಡಿ ಕಮಿಟಿಯಲ್ಲಿ ಹಿರಿಯರು. ನಾನು ಮನೆಯವಳು, ಹೆಚ್ಚು ಓದಿಲ್ಲ. ದೇವರು ಕೊಟ್ಟಿದ್ದನ್ನು ದೇವರು ಕೊಟ್ಟ ಅಂತ ಹೇಳುವ ರೂಢಿ ಮಾತ್ರ ನಮ್ಮವ್ವ ಕಲಿಸಿದ್ದಾಳೆ. ಹಾಲು ಒಡೆಯಲಿಲ್ಲ, ಒಂದು. ಮೊಣಕಾಲು ಇವತ್ತು ಹಿಡಿಯಲಿಲ್ಲ, ಎರಡು. ಹಾಗೆ ಎಣಿಸುವವಳಿಗೆ ಆ ವರ್ಷ ಶುರುವಿನಲ್ಲಿ ಬೆರಳು ಸಾಲಲಿಲ್ಲ.

ಕೊರೊನಾ ಕಾಲ. ಆಫೀಸಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರಲ್ಲ, ಆಗ ಬೇಸಿಗೆಯ ಕೊನೆಗೆ ನಮ್ಮೂರಿಗೆ ಒಂದು ಕಾರು ಬಂತು. ಬೆಂಗಳೂರಿನ ಪ್ರಣವ್ ಅಂತ, ನಲವತ್ತರ ಆಸುಪಾಸು. ಹೆಂಡತಿ ಮೀರಾ. ನಮ್ಮ ಮಹಡಿ ಮನೆ ಬಾಡಿಗೆಗೆ ಹಿಡಿದರು. ಅವರ ಹಿಂದೆ ಹೈದರಾಬಾದಿನವರು, ಪುಣೆಯವರು, ಮತ್ತೆ ಬೆಂಗಳೂರಿನವರು. ಮುಂಗಾರು ಮುಗಿಯುವುದರೊಳಗೆ ನೂರಕ್ಕೂ ಹೆಚ್ಚು ಜನ. ಖಾಲಿ ಬಿದ್ದ ಮನೆಗಳಿಗೆಲ್ಲ ಸುಣ್ಣ ಬಿತ್ತು. ಕಟ್ಟೆ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವರು, ಎಲ್ಲರಿಗೂ ನಮಸ್ಕಾರ ಹೇಳುವರು. ಒಬ್ಬರೂ ಕುಡಿದು ಗಲಾಟೆ ಮಾಡಿದವರಲ್ಲ. ಇದ್ದದ್ದನ್ನು ಇದ್ದಂಗೆ ಹೇಳಬೇಕು, ಕೆಟ್ಟ ಜನ ಅಲ್ಲ ಅವರು.

ಯಾಕೆ ಬಂದರು ಅಂತ ಪ್ರಣವ್ ಮುಚ್ಚಿಡಲಿಲ್ಲ. ನಮ್ಮ ಪಡಸಾಲೆಯಲ್ಲೇ ಕೂತು ಯಜಮಾನರಿಗೆ ಬಿಡಿಸಿ ಹೇಳಿದರು. "ಸರ್ಕಾರ ಜನರ ಮೇಲೆ ಕೂತಿದೆ ಸರ್. ತೆರಿಗೆ, ಲೈಸೆನ್ಸು, ಕಾಯ್ದೆ. ಮನುಷ್ಯನನ್ನ ಅವನ ಪಾಡಿಗೆ ಬಿಟ್ಟರೆ ಅವನೇ ಚೆನ್ನಾಗಿ ಬದುಕ್ತಾನೆ. ನಮ್ಮಂಥೋರು ಒಂದೊಂದು ಊರಲ್ಲಿ ಒಬ್ಬೊಬ್ಬರು ಇದ್ದರೆ ನಮ್ಮ ಓಟಿಗೆ ಬೆಲೆ ಇಲ್ಲ. ಎಲ್ಲರೂ ಒಂದೇ ಕಡೆ ಬಂದು ನೆಲೆಸಿದರೆ ಪಂಚಾಯ್ತಿ ನಮ್ಮದಾಗುತ್ತೆ. ಇಲ್ಲಿ ನಡೆಸಿ ತೋರಿಸ್ತೀವಿ. ಆಮೇಲೆ ತಾಲ್ಲೂಕು, ಜಿಲ್ಲೆ. ಒಂದು ದಿನ ವಿಧಾನಸೌಧದಲ್ಲೂ ನಮ್ಮ ಮಾತು ನಡೀಬೇಕು."

"ಅದಕ್ಕ ನಮ್ಮೂರೇ ಯಾಕ್ರಿ?" ಅಂದರು ಯಜಮಾನರು.

"ಜನ ಕಡಿಮೆ, ಬಾಡಿಗೆ ಕಡಿಮೆ, ಕಾಲುವೆ ಇದೆ. ಇಂಟರ್ನೆಟ್ ಚೆನ್ನಾಗಿ ಬರುತ್ತೆ."

ಅವತ್ತಿನಿಂದ ಊರು ಅವರನ್ನು ಸ್ವತಂತ್ರದವರು ಅಂತ ಕರೆಯಿತು. ಅವರಿಗೂ ಆ ಹೆಸರು ಇಷ್ಟವಾಯಿತು. ಆಧಾರಿನಲ್ಲಿ ವಿಳಾಸ ಬದಲಿಸಲಿಕ್ಕೆ, ಓಟಿನ ಕಾರ್ಡಿಗೆ ಅರ್ಜಿ ಕೊಡಲಿಕ್ಕೆ ಬಿಸಿಲಲ್ಲಿ ಕುರುಗೋಡಿಗೆ ಹತ್ತು ಸಲ ತಿರುಗಿದರು. ತಿಪ್ಪಮ್ಮ ನಮ್ಮ ಹಿತ್ತಲಲ್ಲಿ ಚಾ ಕುಡಿಯುತ್ತ ಕಿಸಕ್ಕನೆ ನಕ್ಕಳು. "ಅಕ್ಕ, ಸರ್ಕಾರ ಬ್ಯಾಡ ಅನ್ನಾಕ ಸರ್ಕಾರದ ಕಾರ್ಡು ಮಾಡಿಸಾಕ ಹತ್ಯಾರಲ್ಲ!"

"ಸುಮ್ಮನಿರಲೇ, ಮ್ಯಾಲ ಕೇಳಸ್ತೈತಿ" ಅಂದೆ. ನನಗೂ ನಗು ಬಂದಿತ್ತು.

ತಿಪ್ಪಮ್ಮನ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ನಮ್ಮ ಮೈದುನ ಪಂಚಾಯ್ತಿಯಲ್ಲಿ ನೀರುಗಂಟಿ ಆಗಿದ್ದ. ಅವನು ಹೋದ ಮೇಲೆ ಪಂಚಾಯ್ತಿಯವರು ಆ ಕೆಲಸ ಇವಳಿಗೇ ಬಿಟ್ಟರು. ಆರ್ಡರು ಅಂತ ಏನೂ ಇಲ್ಲ, ಪುಸ್ತಕದಲ್ಲಿ ಹೆಸರು ಬರೆದುಕೊಂಡರು ಅಷ್ಟೆ. ನಸುಕಿನಲ್ಲಿ ಎದ್ದು ಮೋಟರ್ ಹಾಕಬೇಕು, ಓಣಿ ಓಣಿಗೆ ಹೋಗಿ ವಾಲ್ ತಿರುಗಿಸಬೇಕು, ಎರಡು ದಿನಕ್ಕೊಮ್ಮೆ ದೊಡ್ಡ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ ಬಕೆಟ್ಟಿನಲ್ಲಿ ಕಲಸಿದ ಬ್ಲೀಚಿಂಗ್ ಸುರಿಯಬೇಕು. ಕಚ್ಚೆ ಹಾಕಿಕೊಂಡು ಏಣಿ ಹತ್ತುವ ವಿಧವೆಯನ್ನು ನೋಡಿ ಮೊದಮೊದಲು ಗಂಡಸರು ಶಿಳ್ಳೆ ಹೊಡೆದರು. ಮೇಲಿಂದ ಅರ್ಧ ಬಕೆಟ್ ಅವರ ತಲೆ ಮೇಲೆ ಸುರಿದಳು, ಶಿಳ್ಳೆ ನಿಂತಿತು. ಮಕ್ಕಳಿಲ್ಲ ಅವಳಿಗೆ. ಆ ಕೆಲಸ ಒಂದೇ ಅವಳ ಹೊಟ್ಟೆ, ಅವಳ ಮರ್ಯಾದೆ.

ಚಳಿಗಾಲಕ್ಕೆ ಪಂಚಾಯ್ತಿ ಚುನಾವಣೆ ಬಂತು. ಆಗ ನಡೆದದ್ದು ನಮ್ಮ ಕಡೆಯ ಒಂದು ಪದ್ಧತಿ. ಕಾಯ್ದೆಗೆ ಅದು ತಪ್ಪು, ಎಲ್ಲರಿಗೂ ಗೊತ್ತು, ಆದರೂ ನಡೆಯುತ್ತದೆ. ಸೀಟುಗಳನ್ನು ಗುಡಿ ಮುಂದೆ ಹರಾಜು ಹಾಕುತ್ತಾರೆ. ಹೆಚ್ಚಿಗೆ ಕೂಗಿದವರು ದುಡ್ಡು ಗುಡಿಗೆ ಕೊಡಬೇಕು, ಬೇರೆ ಯಾರೂ ಅರ್ಜಿ ಹಾಕಬಾರದು, ಓಟು ಇಲ್ಲದೆ ಅವರೇ ಮೆಂಬರು. ನಮ್ಮ ಹನುಮಪ್ಪನ ಗೋಪುರ ಮೂರು ವರ್ಷದಿಂದ ಅರ್ಧಕ್ಕೆ ನಿಂತಿತ್ತು, ಮೇಲೆ ಕಬ್ಬಿಣದ ಸರಳು ತುಕ್ಕು ಹಿಡಿದಿದ್ದವು. ಯಜಮಾನರೇ ಪ್ರಣವ್‌ಗೆ ವಿಷಯ ಹೇಳಿದರು. ನನಗೆ ಅನಿಸಿತ್ತು, ಓದಿದವರು, ಇದನ್ನು ಒಪ್ಪಲಿಕ್ಕಿಲ್ಲ ಅಂತ. ಪ್ರಣವ್ ಮುಖ ಅರಳಿತು. "ಬಲವಂತ ಇಲ್ಲ. ಕೊಡೋರು ಇಷ್ಟಪಟ್ಟು ಕೊಡ್ತಾರೆ, ತಗೊಳ್ಳೋರು ಇಷ್ಟಪಟ್ಟು ತಗೋತಾರೆ. ಇದಕ್ಕಿಂತ ಪ್ರಾಮಾಣಿಕ ಚುನಾವಣೆ ನಾನು ನೋಡಿಲ್ಲ" ಅಂದರು. ಮೀರಾ ಮಾತ್ರ, "ಹಾಗಾದ್ರೆ ಇಷ್ಟು ಜನ ಯಾಕೆ ಬಂದ್ವಿ ಪ್ರಣವ್, ಓಟೇ ಬೇಡ ಅಂದ್ರೆ?" ಅಂತ ಕೇಳಿದರು. ಪ್ರಣವ್ ಆಗಲೇ ಯಜಮಾನರ ಹತ್ತಿರ ಹರಾಜಿನ ದಿನ ಕೇಳುತ್ತಿದ್ದರು.

ಒಂಬತ್ತು ಸೀಟಿನಲ್ಲಿ ಐದು ಸ್ವತಂತ್ರದವರು ಹಿಡಿದರು. ಎಷ್ಟಕ್ಕೆ ಅಂತ ಬರೆಯುವುದಿಲ್ಲ, ಅದು ಗುಡಿಯ ಲೆಕ್ಕ. ಹರಾಜು ಮುಗಿದ ಮೇಲೆ ಆಣೆ. ಹನುಮಪ್ಪನ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಮನೆಗೊಬ್ಬರು ಬಂದು ಅದರ ಮೇಲೆ ಕೈ ಹಿಡಿದು ಹೇಳಬೇಕು: ಈ ಐದು ವರ್ಷ ಈ ಮೆಂಬರುಗಳ ಮೇಲೆ ದೂರು ಕೊಡುವುದಿಲ್ಲ, ಊರ ಮಾತು ಊರ ಹೊರಗೆ ಒಯ್ಯುವುದಿಲ್ಲ. ಮುರಿದರೆ ಮನೆತನ ಹಾಳು ಅಂತ ನಂಬಿಕೆ. ತಿಪ್ಪಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು.

"ಅಕ್ಕ, ಇವ್ರು ಪಂಚಾಯ್ತಿ ಆಳುಗೋಳ್ನ ತೆಗೀತಾರಂತ. ನಾನ್ಯಾಕ ಆಣಿ ಮಾಡ್ಲಿ?" ಅಂದಳು.

"ದೇವರ ಕೆಲಸಲೇ ಇದು. ನಿನ್ನ ಕೆಲಸ ಎಲ್ಲಿಗೂ ಹೋಗಂಗಿಲ್ಲ, ನಾ ಅದೀನಿ" ಅಂದೆ. ಅಂದು, ಅವಳ ಮುಂಗೈ ನಾನೇ ಹಿಡಿದು ಎಳೆದುಕೊಂಡು ಹೋಗಿ ಉರಿಯ ಮೇಲೆ ಚಾಚಿದೆ. ಕೈ ಬಿಡುವುದು ಒಂದು ಕ್ಷಣ ತಡವಾಯಿತು. ಅವಳು "ಹಾ" ಅಂತ ಕೈ ಎಳೆದುಕೊಂಡಳು. ಎಲ್ಲರೂ ನಕ್ಕರು. ಅವತ್ತು ಸಂಜೆ ನಾನು ಎಣಿಸಿದ್ದು ಗೋಪುರ ಒಂದನ್ನೇ.

ಮೊದಲ ಸಭೆಯಲ್ಲೇ ಮನೆ ಕಂದಾಯ ಅರ್ಧ ಮಾಡಿದರು, ನೀರಿನ ಕರ ಪೂರಾ ತೆಗೆದರು. ಊರಲ್ಲಿ ಪೇಡೆ ಹಂಚಿದರು. ಎರಡನೇ ಸಭೆಯಲ್ಲಿ ಪಂಚಾಯ್ತಿಯ ಆಳುಗಳನ್ನು ತೆಗೆದರು. ಕಾಗದ ಪತ್ರ ಕಡಿಮೆ ಆಗಬೇಕು ಅನ್ನುವುದೂ ಅವರ ತತ್ವವಾಗಿತ್ತು, ಹಾಗಾಗಿ ಎಲ್ಲ ಬಾಯಿಮಾತಲ್ಲೇ ಆಯಿತು, ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಪ್ರಣವ್ ತಿಪ್ಪಮ್ಮನನ್ನು ಕುರ್ಚಿ ಹಾಕಿ ಕೂಡಿಸಿ, ಬಹಳ ಮರ್ಯಾದೆಯಿಂದ ಹೇಳಿದರು. "ನಿಮ್ಮನ್ನ ಯಾರೂ ಓಡಿಸ್ತಾ ಇಲ್ಲಮ್ಮ. ಇನ್ಮೇಲೆ ನೀವು ಸ್ವತಂತ್ರ. ಊರವರಿಗೆ ನೀವು ಬೇಕು ಅಂದ್ರೆ ಅವರೇ ನಿಮ್ಮನ್ನ ಇಟ್ಕೋತಾರೆ. ಹನ್ನೊಂದು ವರ್ಷ ದುಡಿದಿದ್ದೀರಿ, ಬೇಡ ಅಂತಾರಾ?"

ಭಾನುವಾರ ಗುಡಿ ಅಂಗಳದಲ್ಲಿ ಕೂಡಿದರು. ತಿಪ್ಪಮ್ಮ ಇದ್ದಿದ್ದರಲ್ಲಿ ಒಳ್ಳೇ ಸೀರೆ ಉಟ್ಟು, ಹೂ ಇಲ್ಲದ ತಲೆಗೆ ನೀಟಾಗಿ ಎಣ್ಣೆ ಹಚ್ಚಿ ಬಂದಿದ್ದಳು. ಅವಳನ್ನು ಮುಂದೆ ನಿಲ್ಲಿಸಿ ಪ್ರಣವ್ ಕೇಳಿದರು: ತಿಂಗಳಿಗೆ ಇಷ್ಟು ಕೊಟ್ಟು ಈಕೆಯನ್ನು ಇಟ್ಟುಕೊಳ್ಳುವವರು ಕೈ ಎತ್ತಿ. ಕೊಡದವರಿಗೂ ನೀರು ಬರುತ್ತೆ, ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದೇವೆ, ವಾಲ್‌ಗಳೆಲ್ಲ ತೆರೆದೇ ಇರುತ್ತವೆ, ಫೋನಿನಲ್ಲಿ ಒತ್ತಿದರೆ ಸಾಕು. ಬಲವಂತ ಇಲ್ಲ.

ಒಂದು ಕೈಯೂ ಏಳಲಿಲ್ಲ. ಯಾರ ಮನೆಯ ಮದುವೆಗೆ ಅವಳು ಹೊತ್ತು ಮೀರಿ ನೀರು ಬಿಟ್ಟಿದ್ದಳೋ, ಯಾರ ಮನೆಯ ಬಾಣಂತಿಗೆ ಕೊಡ ಹೊತ್ತು ತಂದುಕೊಟ್ಟಿದ್ದಳೋ, ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಒಬ್ಬಳು, "ನಮ್ಮ ಓಣಿಗೆ ಯಾವಾಗ್ಲೂ ಕಡೀಕೇ ಬಿಡ್ತಿದ್ಲು, ಉಣ್ಲಿ ಈಗ" ಅಂದಳು. ಇನ್ನೊಬ್ಬಳು, "ಏನು ದೊಡ್ಡ ಕೆಲಸ, ವಾಲ್ ತಿರುವೋದು" ಅಂದಳು. ತಿಪ್ಪಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಸೆರಗಿನೊಳಗಿತ್ತು, ಅಲ್ಲೇ ಇಟ್ಟುಕೊಂಡೆ. ಯಾಕೆಂದರೆ ಆ ಫೋನು ಹಿಂದಿನ ದಿನವೇ ನಮ್ಮ ಮನೆಗೆ ಬಂದಿತ್ತು. ಮಹಡಿ ಮೇಲೆ ಪ್ರಣವ್ ಇದ್ದರಲ್ಲ, ಇಂಟರ್ನೆಟ್ ಇತ್ತು, ಗುತ್ತಿಗೆಯನ್ನು ಯಜಮಾನರ ಹೆಸರಿಗೇ ಕೊಟ್ಟಿದ್ದರು. ಒತ್ತುವವಳು ನಾನು. ಮೊಣಕಾಲು ನೋವಿನವಳಿಗೆ ಕೂತಲ್ಲೇ ಕೆಲಸ, ದೇವರು ಬಾಗಿಲಿಗೆ ತಂದುಕೊಟ್ಟ ಅಂದುಕೊಂಡಿದ್ದೆ.

ತಿಪ್ಪಮ್ಮ ವಾಲಿನ ಚಾವಿಯನ್ನು ಪ್ರಣವ್ ಮುಂದೆ ಇಡಲಿಲ್ಲ. ನನ್ನ ಕಾಲ ಹತ್ತಿರ ಇಟ್ಟಳು. "ಬ್ಲೀಚಿಂಗ್ ಯಾರು ಹಾಕ್ತಾರಕ್ಕ?" ಅಂತ ಮಾತ್ರ ಕೇಳಿದಳು.

"ಹಾಕ್ತಾರ ಬಿಡಲೇ, ಯಾರರ" ಅಂದೆ.

ಯಾರೂ ಹಾಕಲಿಲ್ಲ. ಫೋನಿನಲ್ಲಿ ಅದಕ್ಕೆ ಗುಂಡಿ ಇರಲಿಲ್ಲ. ಯಜಮಾನರಿಗೆ ಏಣಿ ಹತ್ತಲಿಕ್ಕೆ ಆಗುತ್ತಿರಲಿಲ್ಲ. ಸ್ವತಂತ್ರದವರು ಸಿರುಗುಪ್ಪದಿಂದ ಬರುವ ಕ್ಯಾನಿನ ನೀರು ಕುಡಿಯುವವರು, ಅವರಿಗೆ ನೆನಪಾಗಲಿಲ್ಲ. ಬೇಸಿಗೆ ಹಾಗೇ ಕಳೆಯಿತು. ತಿಪ್ಪಮ್ಮ ಮೆಣಸಿನಕಾಯಿ ಬಿಡಿಸಲಿಕ್ಕೆ ಕೂಲಿ ಹೋದಳು. ನಮ್ಮ ಮನೆ ಮುಂದೆಯೇ ಹಾದು ಹೋಗುವಳು. ಕರೆದರೆ ನಿಲ್ಲುವಳು, ಒಳಗೆ ಬರುತ್ತಿರಲಿಲ್ಲ.

ಗಣೇಶನ ಹಬ್ಬದ ಹೊತ್ತಿನ ಹುಬ್ಬೆ ಮಳೆ ಆ ವರ್ಷ ನಾಲ್ಕು ದಿನ ಬಿಡದೆ ಹೊಡೆಯಿತು. ನಮ್ಮ ಕಡೆ ಅಷ್ಟು ಮಳೆ ಅಪರೂಪ. ಐದನೇ ದಿನ ಬೆಳಿಗ್ಗೆ ತಿಪ್ಪಮ್ಮ ತೊಯ್ದುಕೊಂಡು ನಮ್ಮ ಹೊಸ್ತಿಲಿಗೆ ಬಂದಳು.

"ಅಕ್ಕ, ಹೂಗಾರರ ಓಣಿ ವಾಲಿನ ಗುಂಡ್ಯಾಗ ಚರಂಡಿ ನೀರು ನಿಂತೈತಿ. ಪೈಪು ಒಡದಂಗ ಕಾಣ್ತೈತಿ. ಇವತ್ತು ನೀರು ಬಿಡಬ್ಯಾಡ್ರಿ."

ಅಷ್ಟೊತ್ತಿಗೆ ನಾನು ಒತ್ತಿಯಾಗಿತ್ತು. ಪ್ರಣವ್‌ಗೆ ಹೇಳುತ್ತೇನೆ ಅಂದೆ. ಹೇಳಿದೆ ಕೂಡ. "ಗುತ್ತಿಗೆಯಲ್ಲಿ ನೀರು ಬಿಡೋದು ಮಾತ್ರ ಇದೆ. ರಿಪೇರಿಗೆ ಆ ಓಣಿಯವರೇ ಸೇರಿ ಮಾಡಿಸ್ಕೋಬೇಕು, ಹೇಳಿ ಅವರಿಗೆ" ಅಂದರು. ಹೂಗಾರರ ಓಣಿಯವರು, "ನಾವ್ಯಾಕ, ಇಡೀ ಊರಿನ ಪೈಪದು" ಅಂದರು. ಮರುದಿನ ತಿಪ್ಪಮ್ಮ ಮತ್ತೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬಿಳಿ ಹಾಳೆ.

"ಕುರುಗೋಡಿಗೆ ಹೊಂಟೀನಿ. ತಾಲ್ಲೂಕು ಆಫೀಸಿನ್ಯಾಗ ಬರೆಸಿ ಕೊಟ್ಟು ಬರ್ತೀನಿ. ಹುಡುಗರು ಆ ನೀರು ಕುಡ್ಯಾಕ ಹತ್ಯಾವು."

ಆಗ ನಾನು ಹೇಳಿದ ಮಾತು ನನ್ನ ಬಾಯಿಂದಲೇ ಬಂತು, ಯಜಮಾನರು ಹೇಳಿಕೊಟ್ಟದ್ದಲ್ಲ. "ಕರ್ಪೂರದ ಮ್ಯಾಲ ಕೈ ಇಟ್ಟೀಯಲೇ ತಿಪ್ಪಿ. ಹನುಮಪ್ಪನ ಆಣಿ ಮುರದು ನಮ್ಮ ಮನಿತನ ತೆಗಿಬೇಕಂತ ಮಾಡೀಯೇನು? ಕೆಲಸ ಹೋದ ಸಿಟ್ಟಿಗೆ ಹೊಂಟೀಯ ನೀನು."

ಬಸ್ಸು ಬಂದು ಹಾರನ್ ಹಾಕಿ ಹೋಯಿತು. ಅವಳು ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ಹೋದಳು.

ಎರಡು ದಿನ ಬಿಟ್ಟು ವಾಂತಿ ಭೇದಿ ಶುರುವಾಯಿತು. ಮನೆಗೆ ಒಬ್ಬರಂತೆ ಮಲಗಿದರು. ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ, ಕಿಟಕಿ ಸರಳಿಗೆ ಸಲೈನ್ ಬಾಟಲಿ ಕಟ್ಟಿದರು. ಹೆಚ್ಚಾದವರನ್ನು ಬಳ್ಳಾರಿಗೆ ಒಯ್ದರು. ಹೂಗಾರರ ಮನೆಯ ಮೂರು ವರ್ಷದ ಹುಡುಗಿ ದಾರಿಯಲ್ಲೇ ಹೋಯಿತು. ಪ್ರತಿ ಶನಿವಾರ ಅವರವ್ವನ ಜೊತೆ ನಮ್ಮ ಮನೆಗೆ ತುಳಸಿಮಾಲೆ ತರುತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದನ್ನು ದೀಪದ ಮುಂದೆ ನಾನು ಎಣಿಸಿದೆ. ಸುಳ್ಳು ಯಾಕೆ ಬರೆಯಲಿ, ಎಣಿಸಿದೆ.

ತಾಲ್ಲೂಕಿನಿಂದ ಸಾಹೇಬರು ವಿಚಾರಣೆಗೆ ಬಂದು ಗುಡಿಯ ಅಂಗಳದಲ್ಲೇ ಕುರ್ಚಿ ಹಾಕಿಸಿ ಕೂತರು. ಪುಸ್ತಕ ತೆರೆದರು. ನೀರುಗಂಟಿ ಅಂತ ತಿಪ್ಪಮ್ಮನ ಹೆಸರೇ ಇತ್ತು. ತೆಗೆದದ್ದು ಎಲ್ಲೂ ಬರೆದಿರಲಿಲ್ಲ.

"ಯಾರ್ರೀ ತಿಪ್ಪಮ್ಮ? ಬ್ಲೀಚಿಂಗ್ ಯಾವಾಗ ಹಾಕಿದ್ದೀಯಮ್ಮ ಕೊನೇ ಸಲ?"

ಪ್ರಣವ್ ನೆಲ ನೋಡಿದರು. ಮೀರಾ ಏನೋ ಹೇಳಲು ಬಾಯಿ ತೆರೆದರು, ಅವರ ಕೈಯನ್ನು ಪ್ರಣವ್ ಹಿಡಿದರು. ಉಳಿದ ಮೆಂಬರುಗಳು, ಗುಡಿ ಕಮಿಟಿ, ಇಡೀ ಊರು ಅಲ್ಲೇ ಇತ್ತು. ನಮ್ಮ ಯಜಮಾನರು ಎದೆಯ ಮೇಲೆ ಕೈ ಕಟ್ಟಿಕೊಂಡು ಗೋಪುರ ನೋಡುತ್ತಿದ್ದರು. ಫೋನು ನನ್ನ ಸೊಂಟದ ಚೀಲದಲ್ಲಿತ್ತು.

"ಬ್ಯಾಸಗಿಗಿಂತ ಮದ್ಲ ಹಾಕಿದ್ದೆ ಸಾಹೇಬ್ರ" ಅಂದಳು ತಿಪ್ಪಮ್ಮ.

"ಆಮೇಲೆ?"

"ಆಮ್ಯಾಲ ಹಾಕಿಲ್ರಿ."

"ಯಾಕೆ?"

ಅವಳು ಗರ್ಭಗುಡಿಯ ಕಡೆ ಒಮ್ಮೆ ನೋಡಿದಳು. ಊರ ಮಾತು ಊರ ಹೊರಗೆ ಒಯ್ಯುವುದಿಲ್ಲ ಅಂತ ಹೇಳಿದ್ದಳಲ್ಲ. "ತಪ್ಪಾತ್ರಿ" ಅಂದಳು.

ಹೂಗಾರರ ಹೆಣ್ಣುಮಗಳು ಎದ್ದು ಬಂದು ಒಂದು ಹಿಡಿ ಮಣ್ಣು ತೂರಿದಳು. "ನನ್ನ ಕೂಸು ತಿಂದ್ಯಲ್ಲೇ ಬಂಜಿ" ಅಂದಳು. ತಿಪ್ಪಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ, ಮಣ್ಣು ಹಾಗೇ ಇತ್ತು. ಊರವರು ಒಬ್ಬೊಬ್ಬರಾಗಿ ಬೈಯಲು ಶುರು ಮಾಡಿದರು. ಬೈಯುವುದು ಅವರಿಗೆ ಹಗುರ ಮಾಡಿತು, ದನಿ ಏರುತ್ತ ಹೋಯಿತು. ನಾನು ಬೈಯಲಿಲ್ಲ. ಅಷ್ಟೇ ನಾನು ಮಾಡಿದ್ದು. ಸಾಹೇಬರು ಬರೆದುಕೊಂಡರು: ನೀರುಗಂಟಿಯ ನಿರ್ಲಕ್ಷ್ಯ, ಇನ್ನು ಯಾವ ಪಂಚಾಯ್ತಿ ಕೆಲಸಕ್ಕೂ ಈಕೆಯನ್ನು ತೆಗೆದುಕೊಳ್ಳಬಾರದು.

ದೀಪಾವಳಿ ಹೊತ್ತಿಗೆ ಸ್ವತಂತ್ರದವರು ಒಬ್ಬೊಬ್ಬರಾಗಿ ಹೊರಟರು. ಬೇರೆ ರಾಜ್ಯದಲ್ಲಿ ಕಾಯ್ದೆ ಸಡಿಲ ಇರುವ ಒಂದು ಊರು ನೋಡಿದ್ದಾರಂತೆ. ಪ್ರಣವ್ ಹೋಗುವಾಗ ನನಗೆ ಕೈ ಮುಗಿದರು. "ಇಲ್ಲಿಯ ಜನ ಇನ್ನೂ ತಯಾರಿರಲಿಲ್ಲ ಅಮ್ಮ" ಅಂದರು. ಐದು ಸೀಟು ಹೆಸರಿಗೆ ಹಾಗೇ ಉಳಿದವು. ತಿಪ್ಪಮ್ಮ ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಸೇರಿದಳು ಅಂತ ಸುದ್ದಿ ಬಂತು. ಹೋಗುವ ದಿನ ಹೇಳಿ ಹೋಗಲಿಲ್ಲ.

ಈಗ ಆ ಪಂಚಾಯ್ತಿಯ ಅವಧಿ ಮುಗಿದಿದೆ. ಆಡಳಿತ ನೋಡಲು ಬಂದ ಅಧಿಕಾರಿ ಹೆಣ್ಣುಮಗಳು, ಒಳ್ಳೆಯವರು. ನೀರುಗಂಟಿ ಕೆಲಸ ಖಾಲಿ ಇದೆ, ಈ ಸಲ ಆರ್ಡರು ಕೊಟ್ಟು ತೆಗೆದುಕೊಳ್ಳುತ್ತಾರಂತೆ. ಯಾರೋ ತಿಪ್ಪಮ್ಮನ ಕಥೆ ಅವರ ಕಿವಿಗೆ ಹಾಕಿದ್ದಾರೆ. "ಆಗ ಮೋಟರ್ ಯಾರ ಕೈಲಿತ್ತೋ ಅವರು ಎರಡು ಸಾಲು ಬರೆದು ಸಹಿ ಮಾಡಿದರೆ ಆಕೆಯ ಮೇಲಿನ ಆರೋಪ ತೆಗೆಸಬಹುದು" ಅಂದರಂತೆ. ಯಜಮಾನರು ಮೊದಲೇ ಹೇಳಿಬಿಟ್ಟರು: "ಆ ಕೂಸಿನ ಸಾವು ನಮ್ಮ ತಲಿಮ್ಯಾಗ ಬರ್ತೈತಿ. ಅಳಿಯ ಸರ್ಕಾರಿ ನೌಕರಿಯಾಗ ಅದಾನ. ಬರದಿ ಅಂದ್ರ ನನ್ನ ಮನಿ ಮೆಟ್ಲು ತುಳೀಬ್ಯಾಡ."

ಪಾರ್ವತಿನಗರದ ಬಾಗಿಲಲ್ಲಿ ಅವತ್ತು ನಿಂತವಳು, ಊರಿಗೆ ಹೋಗುತ್ತೇನೆ ಅಂತ ಮಗಳಿಗೆ ಹೇಳಿ ನೆಟ್ಟಗೆ ಸಿರುಗುಪ್ಪಕ್ಕೆ ಹೋದೆ. ಮಿಲ್ಲಿನ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿ ಹೆಂಗಸರು ಕಾಲಲ್ಲಿ ಸಾಲು ಎಳೆಯುತ್ತಿದ್ದರು. ತಿಪ್ಪಮ್ಮ ಕಪ್ಪಗಾಗಿದ್ದಳು, ಒಂದು ಹಲ್ಲು ಹೋಗಿತ್ತು. ನನ್ನನ್ನು ನೆರಳಿಗೆ ಕರೆದು ಗೋಣಿಚೀಲ ಹಾಸಿದಳು. ಚಾ ತರಿಸಿದಳು. ನಾನು ಕೆಲಸದ ಸುದ್ದಿ ಹೇಳಿದೆ, ಎರಡು ಸಾಲಿನ ಸುದ್ದಿಯೂ ಹೇಳಿದೆ. ಯಜಮಾನರ ಮಾತು ಹೇಳಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಬರೀಬ್ಯಾಡಕ್ಕ" ಅಂದಳು. "ಬರದ್ರ ಭಾವ ನಿನ್ನ ಒಳಗ ಬಿಡಂಗಿಲ್ಲ. ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗ್ತಿ? ನಾ ಇಲ್ಲಿ ಚಲೋ ಅದೀನಿ."

ಇಲ್ಲ, ಬರೀತೀನಿ ಅಂತ ನಾನು ಒಂದು ಮಾತಾದರೂ ಆಡಬೇಕಾಗಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದುಹೋಗಿತ್ತು, ಅದನ್ನು ಅವಳು ನೋಡಿಯೂಬಿಟ್ಟಳು. ಲೋಟ ತೆಗೆದುಕೊಂಡು ಎದ್ದಳು. ನಾನೂ ಎದ್ದೆ. ಗೇಟಿನ ಹತ್ತಿರ ಹೋಗುವಾಗ ಹಿಂದೆ ಒಬ್ಬ ಹೆಂಗಸು ಕೇಳಿದ್ದು ಕೇಳಿಸಿತು.

"ಯಾರೇ ತಿಪ್ಪಮ್ಮ, ನಿಮ್ಮ ಅಕ್ಕ ಏನು?"

"ಅಲ್ಲ" ಅಂದಳು ತಿಪ್ಪಮ್ಮ. "ನಾ ಮದ್ಲಿದ್ದ ಊರಾಕಿ."